ಕಸುಬಿಗೊಂದು ವಸೀಯತ್

ಹಿಜರಿ 10ನೆಯ ವರ್ಷ. ವಿದಾಯ ಹಜ್ಜ್‌ನ ಸಂದರ್ಭ. ಮಕ್ಕಾದಲ್ಲಿ ಸಅದ್ ಬಿನ್ ಅಬೀ ವಕ್ಕಾಸ್(ರ) ಕಾಯಿಲೆ ಬಿದ್ದಿದ್ದರು. ಬದುಕುವ ಭರವಸೆ ಅವರಿಗೇ ಇರಲಿಲ್ಲ. ನೋಡಲು ಬಂದ ಪ್ರವಾದಿವರ್ಯರ(ಸ) ಬಳಿ ಅವರು ತಮ್ಮ ಆಸ್ತಿಯ ಮಾತು ತೆಗೆದರು. ಕೈಯಲ್ಲಿ ಸಾಕಷ್ಟು ಸಂಪತ್ತಿದೆ, ಹಿಂದೆ ಒಬ್ಬಳೇ ಮಗಳು. ಮೂರರಲ್ಲಿ ಎರಡು ಪಾಲನ್ನು ದಾನ ಮಾಡಿಬಿಡಲೇ ಎಂದು ಕೇಳಿದರು. ಬೇಡವೆಂದಾಗ ಅರ್ಧಕ್ಕಿಳಿದರು. ಅದೂ ಆಗದೆ ಕೊನೆಗೆ ಮೂರನೆಯ ಒಂದು ಪಾಲಿಗೆ ಬಂದರು. ಅಷ್ಟಕ್ಕೆ ಅನುಮತಿ ಸಿಕ್ಕಿತು, ಅದೂ ಹೆಚ್ಚೇ ಎಂಬ ಎಚ್ಚರಿಕೆಯೊಂದಿಗೆ. ವಾರಸುದಾರರನ್ನು ಪರರ ಮುಂದೆ ಕೈಚಾಚುವ ಸ್ಥಿತಿಯಲ್ಲಿ ಬಿಟ್ಟುಹೋಗುವುದು ಪುಣ್ಯದ ಕೆಲಸವಲ್ಲ ಎಂಬುದು ಅದರ ತಾತ್ಪರ್ಯ. ಇಂದಿಗೂ ಮುಸ್ಲಿಮರ ವಸೀಯತ್ತಿಗೆ ಇರುವ ಮಿತಿ ಅಂದಿನ ಈ ಸಂಭಾಷಣೆಯಿಂದಲೇ ಬಂದದ್ದು.

ಈ ಪ್ರಸಂಗವನ್ನು ನಾವು ಜುಮಾ ಖುತುಬಾಗಳಲ್ಲಿ ಹಲವು ಬಾರಿ ಕೇಳಿದ್ದೇವೆ. ಆದರೆ ಸಅದ್ ಅವರ ಕಸುಬೇನಾಗಿತ್ತು ಎಂದು ಕೇಳಿದವರು ಕಡಿಮೆ. ಅವರು ಬಾಣಗಳನ್ನು ಹೆರೆದು ಮೊನೆಮಾಡುವವರಾಗಿದ್ದರು ಎಂದು ಹಳೆಯ ಅರಬಿ ಚರಿತ್ರೆಕಾರರು ಬರೆದಿದ್ದಾರೆ. ವಸೀಯತ್ತಿನ ಕಾನೂನು ಒಬ್ಬ ಕುಶಲಕರ್ಮಿಯ ಪ್ರಶ್ನೆಗೆ ಸಿಕ್ಕ ಉತ್ತರ ಎನ್ನುವುದು ನಮಗೆ ಸಣ್ಣ ಸಂಗತಿಯಾಗಿ ಕಾಣುವುದಿಲ್ಲ. ಏಕೆಂದರೆ ಆಮೇಲಿನ ಶತಮಾನಗಳಲ್ಲಿ ದಾನಪತ್ರಗಳು ಸಾವಿರಾರು ಹುಟ್ಟಿದರೂ, ಕೈಕಸುಬಿನವನ ಹೆಸರಿಗೆ ಅವುಗಳಲ್ಲಿ ಸಿಕ್ಕ ಜಾಗ ಕಿರಿದು.

ವಕ್ಫ್ ಎಂದರೆ ನಮ್ಮ ಕಣ್ಣಿಗೆ ಬರುವುದು ಮಸೀದಿ, ದರ್ಗಾ, ಕಬರಸ್ತಾನ, ಮದ್ರಸ, ಯತೀಂಖಾನೆ. ಹಿಂದಿನವರ ಕಲ್ಪನೆ ಇಷ್ಟು ಇಕ್ಕಟ್ಟಾಗಿರಲಿಲ್ಲ. 1326ರಲ್ಲಿ ಡಮಾಸ್ಕಸ್ ತಲುಪಿದ ಇಬ್ನ್ ಬತೂತ ಅಲ್ಲಿನ ವಕ್ಫ್‌ಗಳ ವೈವಿಧ್ಯ ಕಂಡು ಬೆರಗಾದ. (ಹೊನ್ನಾವರಕ್ಕೂ ಬಂದು, ಅಲ್ಲಿ ಹೆಣ್ಣುಮಕ್ಕಳಿಗೆ ಹದಿಮೂರು ಶಾಲೆಗಳಿವೆಯೆಂದು ಬರೆದಿಟ್ಟವನು ಇವನೇ.) ಡಮಾಸ್ಕಸ್‌ನ ಬೀದಿಯಲ್ಲಿ ಒಬ್ಬ ಗುಲಾಮ ಹುಡುಗನ ಕೈಯಿಂದ ಚೀನಾ ಪಿಂಗಾಣಿ ತಟ್ಟೆ ಬಿದ್ದು ಒಡೆಯಿತಂತೆ. ಹುಡುಗ ಧಣಿಯ ಹೊಡೆತಕ್ಕೆ ಹೆದರಿ ನಡುಗುತ್ತಿದ್ದ. ನೆರೆದವರಲ್ಲೊಬ್ಬ ಚೂರುಗಳನ್ನು ಆಯ್ದುಕೊಂಡು ಪಾತ್ರೆಗಳ ವಕ್ಫ್‌ನ ಮೇಲ್ವಿಚಾರಕನ ಬಳಿ ಹೋಗೆಂದ. ಅಲ್ಲಿ ಚೂರುಗಳನ್ನು ತೋರಿಸಿದ್ದೇ ಹೊಸ ತಟ್ಟೆ ಕೊಳ್ಳಲು ಹಣ ಸಿಕ್ಕಿತು. ಒಡೆದ ಪಾತ್ರೆಗೂ ಒಂದು ವಕ್ಫ್!

ಅದೇ ಯಾತ್ರಿಕ 1330ರ ದಶಕದಲ್ಲಿ ಅನಾತೋಲಿಯಾದಲ್ಲಿ ‘ಅಖಿ’ಗಳನ್ನು ಕಂಡ. ಕಸುಬಿನ ಯುವಕರ ಸಹೋದರ ಸಂಘಗಳವು. ಹಗಲೆಲ್ಲ ದುಡಿದು, ಸಂಜೆ ಗಳಿಕೆಯನ್ನು ತಮ್ಮ ಮುಖ್ಯಸ್ಥನ ಮುಂದೆ ಇಡುತ್ತಿದ್ದರು. ಅದರಲ್ಲೇ ಊಟ, ಅದರಲ್ಲೇ ಅತಿಥಿಗಳ ಸತ್ಕಾರ. ಈ ಪರಂಪರೆಯ ಮೂಲಪುರುಷನೆಂದು ತುರ್ಕರು ಗೌರವಿಸುವ ಅಖಿ ಎವ್ರಾನ್ ಚರ್ಮ ಹದಮಾಡುವವನು. ನಮ್ಮಲ್ಲಿ ಆ ಕಸುಬಿನವನನ್ನು ಎಲ್ಲಿ ಕೂರಿಸಿದ್ದೇವೆ ಎಂಬುದನ್ನು ನೆನೆದರೆ ಈ ಮಾತಿನ ತೂಕ ಗೊತ್ತಾಗುತ್ತದೆ.

ಉಸ್ಮಾನಿಯಾ ಸಾಮ್ರಾಜ್ಯದ ಪಟ್ಟಣಗಳಲ್ಲಿ ಮುಂದೆ ಕಸುಬುದಾರರ ಸಂಘಗಳು ತಮ್ಮದೇ ನಿಧಿಗಳನ್ನು ಕಟ್ಟಿಕೊಂಡವು. ಉಸ್ತಾದರು ವಂತಿಗೆ ಹಾಕುತ್ತಿದ್ದರು. ಶಾಗಿರ್ದನೊಬ್ಬ ಮೇಲಿನ ದರ್ಜೆಗೆ ಏರಿದಾಗ ಒಂದಿಷ್ಟು ಬರುತ್ತಿತ್ತು. ಉಳ್ಳವರು ಸಾಯುವಾಗ ಬಿಟ್ಟುಹೋದದ್ದೂ ಸೇರುತ್ತಿತ್ತು. ಕಾಯಿಲೆ ಬಿದ್ದವನಿಗೆ, ಮಯ್ಯತ್ತಿನ ಖರ್ಚಿಗೆ, ಅಂಗಡಿ ಇಡಲು ಬಂಡವಾಳವಿಲ್ಲದವನಿಗೆ ಈ ನಿಧಿ ಆಸರೆಯಾಗಿತ್ತು. ಹಣವನ್ನೇ ವಕ್ಫ್ ಮಾಡಿ ಅದನ್ನು ಸಾಲವಾಗಿ ಕೊಟ್ಟು ಲಾಭ ಪಡೆಯುವುದು ಶರೀಅತ್ ಸಮ್ಮತವೇ ಎಂಬ ಬಗ್ಗೆ 16ನೆಯ ಶತಮಾನದಲ್ಲಿ ದೊಡ್ಡ ವಾಗ್ವಾದವೇ ನಡೆಯಿತು. ಶೈಖುಲ್ ಇಸ್ಲಾಮ್ ಅಬುಸ್ಸುಊದ್ ಅದನ್ನು ಒಪ್ಪಿದರು. ಬಿರ್ಗಿವಿ ಎಂಬ ನಿಷ್ಠುರ ವಿದ್ವಾಂಸರು ಅದು ಬಡ್ಡಿಯಲ್ಲದೆ ಬೇರೇನೂ ಅಲ್ಲವೆಂದು ಕೊನೆಯವರೆಗೆ ವಿರೋಧಿಸಿದರು. ವಾದದಲ್ಲಿ ಬಿರ್ಗಿವಿಯವರ ಕಡೆಗೇ ನಮ್ಮ ಒಲವು. ಆದರೆ ಅಂಗಡಿಯ ಬಾಗಿಲು ತೆರೆದಿಡಲು ಒದ್ದಾಡುತ್ತಿದ್ದ ಕಮ್ಮಾರನಿಗೆ ಅಬುಸ್ಸುಊದರ ಫತ್ವಾವೇ ಅನ್ನ ಕೊಟ್ಟಿತು ಎಂಬುದನ್ನೂ ಮರೆಯಬಾರದು. 1826ರಲ್ಲಿ ಸುಲ್ತಾನ್ ಎರಡನೆಯ ಮಹಮೂದ್ ವಕ್ಫ್‌ಗಳಿಗೆಂದೇ ಸರಕಾರಿ ಇಲಾಖೆ ತೆರೆದ. ಆದಾಯ ಕ್ರಮೇಣ ಖಜಾನೆಯ ಹಿಡಿತಕ್ಕೆ ಹೋಯಿತು. 1838ರ ವ್ಯಾಪಾರ ಒಪ್ಪಂದದ ನಂತರ ಇಂಗ್ಲೆಂಡಿನ ಗಿರಣಿ ಮಾಲು ನುಗ್ಗಿತು. ಕಸುಬುದಾರರ ಸಂಘಗಳು ಸೊರಗಿದವು.

ಹೀಗೆ ನುಗ್ಗಿದ ಇಂಗ್ಲೆಂಡಿನಲ್ಲೂ ಒಂದು ಕಾಲಕ್ಕೆ ಕಸುಬುದಾರರಿಗೆಂದು ದಾನ ಮಾಡುವ ಗಟ್ಟಿ ರೂಢಿಯಿತ್ತು. 1601ರಲ್ಲಿ ಎಲಿಜಬೆತ್ ರಾಣಿಯ ಕಾಲದಲ್ಲಿ ಆದ ಧರ್ಮಾದಾಯ ಕಾಯಿದೆ, ಯಾವುದನ್ನೆಲ್ಲ ದಾನವೆನ್ನಬೇಕು ಎಂದು ಪಟ್ಟಿ ಮಾಡುವಾಗ ಎಳೆಯ ವ್ಯಾಪಾರಿಗಳಿಗೂ ಕೈಕಸುಬಿನವರಿಗೂ ಕೊಡುವ ನೆರವನ್ನು ಹೆಸರಿಸಿಯೇ ಸೇರಿಸಿತು. ಅದಕ್ಕೂ ಮೊದಲೇ ಲಂಡನ್ನಿನ ಬಟ್ಟೆ ವ್ಯಾಪಾರಿ ಸರ್ ಥಾಮಸ್ ವೈಟ್ (ಮರಣ 1567), ಎರಡು ಡಜನ್ ಪಟ್ಟಣಗಳಿಗೆ ಸರದಿಯಂತೆ ಹಣ ಸಿಗುವ ನಿಧಿ ಕಟ್ಟಿದ್ದ. ಅಂಗಡಿ ತೆರೆಯುವ ಯುವಕರಿಗೆ ಬಡ್ಡಿಯಿಲ್ಲದ ಸಾಲ! ಇದನ್ನು ಕರ್ಜೆ ಹಸನ ಎನ್ನದೆ ಬೇರೇನೆನ್ನೋಣ? ಖಲೀಫರ ರಾಜಧಾನಿಯಲ್ಲಿ ಬಡ್ಡಿಗೆ ಹತ್ತಿರದ ಲಾಭದ ಮೇಲೆ ಸಾಲ ಸಿಗುತ್ತಿದ್ದಾಗ, ಕ್ರೈಸ್ತ ವ್ಯಾಪಾರಿಯೊಬ್ಬ ಪವಿತ್ರ ಕುರ್‌ಆನಿನ ಆಶಯಕ್ಕೆ ಹೆಚ್ಚು ಸಮೀಪ ನಿಂತಿದ್ದ. ವೈಟ್‌ನ ನಿಧಿ ಇಂಗ್ಲೆಂಡಿನ ಕೆಲವು ಪಟ್ಟಣಗಳಲ್ಲಿ ಇಂದಿಗೂ ನಡೆಯುತ್ತಿದೆ.

ಆದರೆ ಕಸುಬಿಗೆ ಬರೆದಿಟ್ಟ ಉಯಿಲುಗಳಲ್ಲಿ ಜಗತ್ತು ಹೆಚ್ಚು ಬಲ್ಲದ್ದು ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್‌ನದು. ಮೇಣದಬತ್ತಿ ಮಾಡುವವನ ಮಗ. ಹನ್ನೆರಡನೆಯ ವಯಸ್ಸಿಗೆ ಬೋಸ್ಟನ್ನಿನಲ್ಲಿ ಅಣ್ಣನ ಮುದ್ರಣಾಲಯಕ್ಕೆ ಶಾಗಿರ್ದನಾಗಿ ಸೇರಿದವನು ಹದಿನೇಳಕ್ಕೆ ಅಲ್ಲಿಂದ ಓಡಿಹೋಗಿ ಫಿಲಡೆಲ್ಫಿಯಾ ಸೇರಿದ. ಅಲ್ಲಿ ಇಬ್ಬರು ಗೆಳೆಯರು ಕೊಟ್ಟ ಸಾಲದಿಂದ ಸ್ವಂತ ಅಚ್ಚುಕೂಟ ಇಟ್ಟ. ಮುಂದೆ ವಿಜ್ಞಾನಿಯಾದ, ರಾಯಭಾರಿಯಾದ, ರಾಷ್ಟ್ರನಿರ್ಮಾಪಕನಾದ. ಆದರೂ ಉಯಿಲಿನಲ್ಲಿ ತನ್ನನ್ನು ಮೊದಲು ಮುದ್ರಕನೆಂದೇ ಕರೆದುಕೊಂಡ.

1789ರ ಜೂನ್‌ನಲ್ಲಿ, ಸಾವಿಗೆ ಹತ್ತು ತಿಂಗಳ ಮೊದಲು, ಆ ಉಯಿಲಿಗೆ ಒಂದು ಅನುಬಂಧ ಸೇರಿಸಿದ. ಬೋಸ್ಟನ್‌ಗೆ ಸಾವಿರ ಪೌಂಡು, ಫಿಲಡೆಲ್ಫಿಯಾಕ್ಕೆ ಸಾವಿರ ಪೌಂಡು. ಇಪ್ಪತ್ತೈದು ವರ್ಷದೊಳಗಿನ, ಮದುವೆಯಾದ, ಊರಿನಲ್ಲಿಯೇ ಶಾಗಿರ್ದಿ ಮುಗಿಸಿದ ಕುಶಲಕರ್ಮಿಗಳಿಗೆ ಅದರಿಂದ ಸಾಲ. ಒಬ್ಬನಿಗೆ 15 ಪೌಂಡಿಗೆ ಕಡಿಮೆಯಿಲ್ಲ, 60ಕ್ಕೆ ಹೆಚ್ಚಿಲ್ಲ. ನೂರಕ್ಕೆ ಐದರ ಬಡ್ಡಿ. ಅಸಲನ್ನು ವರ್ಷಕ್ಕೆ ಹತ್ತನೆಯ ಒಂದು ಪಾಲಿನಂತೆ ತೀರಿಸಬೇಕು. ಇಬ್ಬರು ಮರ್ಯಾದಸ್ಥರ ಜಾಮೀನು ಬೇಕು. ಹೀಗೆ ತಿರುಗುತ್ತ ಹೋದರೆ ನೂರು ವರ್ಷಕ್ಕೆ ಒಂದೊಂದು ನಿಧಿಯೂ 1,31,000 ಪೌಂಡು ಆಗುತ್ತದೆ. ಅದರಲ್ಲಿ ಒಂದು ಲಕ್ಷ ತೆಗೆದು ಊರಿನ ಕೆಲಸಗಳಿಗೆ ಬಳಸಿ, ಉಳಿದದ್ದನ್ನು ಮತ್ತೆ ನೂರು ವರ್ಷ ತಿರುಗಿಸಿದರೆ ನಲವತ್ತು ಲಕ್ಷ ಪೌಂಡು ದಾಟುತ್ತದೆ ಎಂದು ಮುದುಕ ಲೆಕ್ಕ ಹಾಕಿ ಬರೆದ.

ಆದದ್ದೇನು? ಕೆಲವು ದಶಕ ಸಾಲಗಳು ಹೋದವು, ಬಂದವು. ಅಷ್ಟರಲ್ಲಿ ಕಾರ್ಖಾನೆಗಳು ಎದ್ದವು. ಉಸ್ತಾದನ ಮನೆಯಲ್ಲೇ ಇದ್ದು, ವರ್ಷಗಟ್ಟಲೆ ದುಡಿದು ಕಸುಬು ಕಲಿಯುವ ಪದ್ಧತಿ ಮುರಿದುಬಿತ್ತು. ಫ್ರಾಂಕ್ಲಿನ್ ಹಾಕಿದ ಷರತ್ತಿಗೆ ಹೊಂದುವ ಹುಡುಗರೇ ಸಿಗದಾದರು. ಬೋಸ್ಟನ್ನಿನವರು ಹಣವನ್ನು ಒಂದು ವಿಮಾ ಕಂಪೆನಿಯಲ್ಲಿ ಇಟ್ಟು ಬೆಳೆಯಲು ಬಿಟ್ಟರು. ಫಿಲಡೆಲ್ಫಿಯಾದವರು ಕಸುಬಿನವರಿಗೆ ಹೆಚ್ಚು ಸಾಲ ಕೊಟ್ಟರು. ಎಷ್ಟೋ ಸಾಲ ಮರಳಲಿಲ್ಲ, ಉಸ್ತುವಾರಿಯೂ ಸಡಿಲವಾಗಿತ್ತು. ಇನ್ನೂರು ವರ್ಷ ತುಂಬಿದಾಗ ಬೋಸ್ಟನ್ನಿನ ನಿಧಿ ಸುಮಾರು 50 ಲಕ್ಷ ಡಾಲರ್. ಫಿಲಡೆಲ್ಫಿಯಾದ್ದು 20 ಲಕ್ಷದ ಆಸುಪಾಸು. ಪತ್ರಿಕೆಗಳು ಬೋಸ್ಟನ್ನನ್ನು ಹೊಗಳಿದವು. ನಮಗೆ ಮಾತ್ರ ಈ ಲೆಕ್ಕ ತಿರುವುಮುರುವಾಗಿ ಕಾಣುತ್ತದೆ. ಸತ್ತವನ ಮಾತಿನಂತೆ ಕಸುಬಿನವನ ಕೈಗೆ ಹಣ ಕೊಟ್ಟ ಊರು ಬಡವಾಯಿತು, ಕೊಡದೆ ಕಾಪಾಡಿದ ಊರು ಸಿರಿವಂತವಾಯಿತು. ನಿಧಿ ಬೆಳೆಯಲೆಂದು ಉಯಿಲು ಬರೆದದ್ದೋ, ಬಡಗಿ ಬೆಳೆಯಲೆಂದೋ?

ಬೋಸ್ಟನ್ ಪೂರ್ತಿ ತಪ್ಪಿತಸ್ಥ ಅಲ್ಲ ಎಂಬುದನ್ನೂ ಹೇಳಬೇಕು. ಮೊದಲ ನೂರು ವರ್ಷದ ಹಣಕ್ಕೆ ಆಂಡ್ರ್ಯೂ ಕಾರ್ನೆಗಿ ಕೊಡುಗೆ ಸೇರಿಸಿದ ಮೇಲೆ, 1908ರಲ್ಲಿ ದುಡಿಯುವ ಯುವಕರಿಗೆ ಕಸುಬು ಕಲಿಸುವ ಫ್ರಾಂಕ್ಲಿನ್ ಯೂನಿಯನ್ ಎಂಬ ಶಾಲೆ ತೆರೆಯಿತು. ದಾನಿಯ ಮೂಲ ಉದ್ದೇಶ ಅಸಾಧ್ಯವಾದಾಗ ಅದಕ್ಕೆ ಅತ್ಯಂತ ಹತ್ತಿರದ ಉದ್ದೇಶಕ್ಕೆ ಹಣ ಹೋಗಬೇಕೆಂಬುದು ಇಂಗ್ಲಿಷ್ ಕಾನೂನಿನ ತತ್ವ. ನಮ್ಮ ಫುಕಹಾಗಳೂ ವಕ್ಫ್ ಬಗ್ಗೆ ಇಂಥದ್ದನ್ನೇ ಹೇಳಿದ್ದಾರೆ.

ನಮ್ಮ ದೇಶದ ನ್ಯಾಯಾಲಯಗಳ ಕತೆ ಬೇರೆಯೇ. 1894ರಲ್ಲಿ ಬಂಗಾಳದ ಒಂದು ಮುಸ್ಲಿಮ್ ಕುಟುಂಬದ ವಕ್ಫನ್ನು ಲಂಡನ್ನಿನ ಪ್ರಿವಿ ಕೌನ್ಸಿಲ್ ಅಸಿಂಧುಗೊಳಿಸಿತು. ಬಡವರ ಪಾಲು ಬರೀ ತೋರಿಕೆಯದು ಎಂಬುದು ಅದರ ಆಕ್ಷೇಪ. ಜಿನ್ನಾ ಮಂಡಿಸಿದ ಮಸೂದೆ 1913ರಲ್ಲಿ ಕಾಯಿದೆಯಾಗಿ ಅದನ್ನು ಸರಿಪಡಿಸಿತು. ಕ್ರೈಸ್ತರಿಗೆ ಇನ್ನೊಂದು ತೊಡಕಿತ್ತು: 1925ರ ಉತ್ತರಾಧಿಕಾರ ಕಾಯಿದೆಯ 118ನೆಯ ಕಲಮು. ಹತ್ತಿರದ ಸಂಬಂಧಿಕರಿದ್ದವನು ಧರ್ಮಕಾರ್ಯಕ್ಕೆ ಆಸ್ತಿ ಬಿಡಬೇಕಾದರೆ ಸಾವಿಗೆ ಕನಿಷ್ಠ ಹನ್ನೆರಡು ತಿಂಗಳ ಮೊದಲೇ ಉಯಿಲು ಬರೆದಿರಬೇಕಿತ್ತು. ಅಂದರೆ ಸಾಯುವ ದಿನ ಮೊದಲೇ ಗೊತ್ತಿರಬೇಕು! ಈ ಕಲಮು ಅನ್ವಯಿಸಿದ್ದರೆ ಹತ್ತು ತಿಂಗಳ ಹಿಂದೆ ಬರೆದ ಫ್ರಾಂಕ್ಲಿನ್‌ನ ಅನುಬಂಧವೂ ಬಿದ್ದುಹೋಗುತ್ತಿತ್ತು. ಕೇರಳದ ಪಾದ್ರಿಯೊಬ್ಬರ ಅರ್ಜಿಯ ಮೇಲೆ 2003ರಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದುಮಾಡಿತು.

ಇನ್ನು ಬೀದರಿಗೆ ಬರೋಣ. ಬಿದ್ರಿ ಕಸುಬು ಬಹಮನಿ ಕಾಲದಿಂದ ಬಂದದ್ದು ಎನ್ನುವ ಮಾತಿದೆ. ಹೆಚ್ಚು ಸತು, ತುಸು ತಾಮ್ರ ಸೇರಿಸಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನಯಮಾಡಿ, ಮೈಲುತುತ್ತದ ನೀರು ಸವರಿ, ಕಪ್ಪಾದ ಮೈಮೇಲೆ ಮೊನೆಯಿಂದ ಚಿತ್ತಾರ ಬರೆಯುತ್ತಾರೆ. ಉಳಿಯಿಂದ ಗೆರೆ ಕೊರೆದು ಬೆಳ್ಳಿಯ ತಂತಿ, ತಗಡು ಕೂರಿಸುತ್ತಾರೆ. ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿ ಬಿಸಿಮಾಡಿ ಸವರಿದರೆ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತದೆ. ಕೆಲಸಕ್ಕೆ ತಕ್ಕ ಮಣ್ಣು ಯಾವುದೆಂದು ಉಸ್ತಾದರು ನಾಲಗೆಗೆ ಹಚ್ಚಿ ನೋಡಿ ಹೇಳುವುದುಂಟು. ಯಾವ ಪುಸ್ತಕದಿಂದಲೂ ಬಾರದ ವಿದ್ಯೆ ಅದು. ಬಿದ್ರಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. 2023ರಲ್ಲಿ ಶಾಹ್ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಸಂತೋಷವೇ. ಆದರೆ ಪ್ರಶಸ್ತಿ ಬಂದ ಮಾತ್ರಕ್ಕೆ ಹುಡುಗನೊಬ್ಬ ಉಳಿ ಹಿಡಿದು ವರ್ಷಗಟ್ಟಲೆ ಕೂರುವುದಿಲ್ಲ. ಆ ವರ್ಷಗಳಲ್ಲಿ ಅವನ ಕೈಗೆ ಬರುವುದು ಅಷ್ಟಕ್ಕಷ್ಟೇ. ಮನೆಯವರು ಅವನನ್ನು ಆಟೋ ಓಡಿಸಲಿಕ್ಕೋ ಗಲ್ಫಿಗೋ ಕಳಿಸಿದರೆ ನಾವು ದೂರುವಂತಿಲ್ಲ. ಇತ್ತ ಉಸ್ತಾದನ ತಾಪತ್ರಯ ಬೆಳ್ಳಿಯದು. ಮಾಲು ಮಾರಾಟವಾಗುವ ಮೊದಲೇ ಬೆಳ್ಳಿ ಕೊಳ್ಳಬೇಕು. ಅದರ ಬೆಲೆಯಂತೂ ಮುಗಿಲಿಗೇರಿದೆ.

ಫ್ರಾಂಕ್ಲಿನ್ ಅಂಗಡಿ ತೆರೆಯುವವನಿಗೆ ಹಣವಿಟ್ಟ. ಕಲಿಯುವವನಿಗೂ ಕಲಿಸುವವನಿಗೂ ಇಡಲಿಲ್ಲ. ಕಲಿಯುವವರು ಇದ್ದೇ ಇರುತ್ತಾರೆಂದು ಅವನು ನಂಬಿದ್ದ, ಅವನ ಕಾಲಕ್ಕೆ ಅದು ಸಹಜವೂ ಆಗಿತ್ತು. ಇಂದು ವಸೀಯತ್ ಬರೆಯುವವರಿಗೆ ಆ ನಂಬಿಕೆಗೆ ಆಸ್ಪದವಿಲ್ಲ. ಒಂದು ಬಾಡಿಗೆ ಮಳಿಗೆಯನ್ನೋ ಒಂದಿಷ್ಟು ಹಣವನ್ನೋ ಬಿಡುವವರು ಅದರ ಆದಾಯವನ್ನು ಮೊದಲು ಶಾಗಿರ್ದನ ತಿಂಗಳ ಖರ್ಚಿಗೆ, ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡ ಉಸ್ತಾದನ ಗೌರವಧನಕ್ಕೆ, ಆಮೇಲೆ ಬೆಳ್ಳಿಗೆ ಬಡ್ಡಿಯಿಲ್ಲದ ಮುಂಗಡಕ್ಕೆ ಎಂದು ಹೆಸರಿಸಿ ಬರೆಯಬೇಕಾಗುತ್ತದೆ. ಮುತವಲ್ಲಿಗಳಲ್ಲಿ ಒಬ್ಬನಾದರೂ ಕಸುಬಿನವನಿರಬೇಕು. ಬಡವರ ಮಕ್ಕಳ ಹೊಟ್ಟೆಪಾಡು, ವಿದ್ಯೆ ಎರಡೂ ಇದರಲ್ಲಿರುವುದರಿಂದ ಇದು ಸದಖ ಜಾರಿಯಾ ಅಲ್ಲವೆನ್ನಲು ಕಾರಣ ನಮಗೆ ಕಾಣುವುದಿಲ್ಲ. ಆ ಶಾಗಿರ್ದ್ ಮುಸ್ಲಿಮನೇ ಆಗಿರಬೇಕೆಂದೂ ಇಲ್ಲ.

ಕಾಗದದ ಮಾತೂ ಇದೆ. ಮುಸ್ಲಿಮರ ವಸೀಯತ್ ಬಾಯಿಮಾತಿನಲ್ಲೂ ಸಲ್ಲುತ್ತದೆ. ಆದರೆ ವಕ್ಫ್ ಮಾಡಲು ಲಿಖಿತ ಪತ್ರ ಬೇಕೇಬೇಕೆಂದು 2025ರ ತಿದ್ದುಪಡಿ ಕಾಯಿದೆ ವಿಧಿಸಿದೆ. ಐದು ವರ್ಷ ಇಸ್ಲಾಮ್ ಪಾಲಿಸಿದವನು ಮಾತ್ರ ವಕ್ಫ್ ಮಾಡಬಹುದೆಂಬ ಅದರ ಷರತ್ತಿಗೆ 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ತಡೆ ನೀಡಿತು. ವಸೀಯತ್ತಿಗೂ ವಕ್ಫಿಗೂ ಇರುವ ಒಂದು ವ್ಯತ್ಯಾಸವನ್ನು ಮನೆಯ ಹಿರಿಯರಿಗೆ ತಿಳಿಸಿಡುವುದು ಒಳ್ಳೆಯದು. ಜೀವಂತ ಇರುವಾಗ ಪೂರ್ತಿ ಮಾಡಿದ ವಕ್ಫನ್ನು ಹಿಂದಕ್ಕೆ ಪಡೆಯುವಂತಿಲ್ಲ. ವಸೀಯತ್ತನ್ನು ಕೊನೆಯುಸಿರಿನವರೆಗೆ ಎಷ್ಟು ಬಾರಿಯಾದರೂ ಬದಲಿಸಬಹುದು. ಸಅದ್ ಅವರನ್ನೇ ನೋಡಿ: ಮಕ್ಕಾದ ಆ ಕಾಯಿಲೆಯಿಂದ ಅವರು ಎದ್ದು ಕೂತರು. ಕಾದಿಸಿಯಾ ಯುದ್ಧ ಗೆದ್ದರು, ಕೂಫಾ ನಗರ ಕಟ್ಟಿದರು, ಇನ್ನೂ ನಾಲ್ಕು ದಶಕ ಬದುಕಿದರು. ಒಬ್ಬಳೇ ಮಗಳಿದ್ದ ಮನೆಯಲ್ಲಿ ಆಮೇಲೆ ಹಲವು ಮಕ್ಕಳು ಹುಟ್ಟಿದರು.