ಕ್ರೀಡಾನಿಯಮಗಳಲ್ಲಿ ‘ಅಡ್ಡಿ’ಯ ವಿಚಾರ: ಸಂಗಡಿಗನ ಓಟವನ್ನು ಕುರಿತು

ಆಟದ ನಿಯಮಾವಳಿಗಳನ್ನು ಇತಿಹಾಸದ ಆಕರಗಳಲ್ಲಿ ಎಣಿಸುವ ವಾಡಿಕೆ ನಮ್ಮ ವಿದ್ವಾಂಸರಲ್ಲಿ ಇನ್ನೂ ಬೇರೂರಿಲ್ಲ. ಶಾಸನವನ್ನೂ ಕಡತವನ್ನೂ ಓದುವ ಕಣ್ಣಿನಿಂದಲೇ ಇವನ್ನೂ ಓದಿದಲ್ಲಿ, ಒಂದು ಕಾಲದ ಜನರು ಯಾವುದನ್ನು ಅನ್ಯಾಯವೆಂದು ಬಗೆದರು, ಅದನ್ನು ಗುರುತಿಸುವ ಹೊಣೆಯನ್ನು ಯಾರಿಗೆ ಒಪ್ಪಿಸಿದರು ಎಂಬುದು ಗೋಚರವಾಗುತ್ತದೆ. ಪ್ರಸ್ತುತ ಲೇಖನದ ಪ್ರಶ್ನೆ ಒಂದೇ: ಚೆಂಡು ತನ್ನಲ್ಲಿಲ್ಲದ ಸಂಗಡಿಗನು ಓಡುವ ದಾರಿಯು ಎದುರಾಳಿಗೆ ಅಡ್ಡವಾದಾಗ, ಅದು ಯಾವ ಹಂತದಲ್ಲಿ ತಪ್ಪೆನಿಸುತ್ತದೆ?

ಈ ಪ್ರಶ್ನೆ ಅತ್ಯಂತ ಕಠಿಣ ರೂಪದಲ್ಲಿ ಕಾಣಿಸಿಕೊಳ್ಳುವುದು ರಗ್ಬಿಯಲ್ಲಿ. 1871ರಲ್ಲಿ ಇಂಗ್ಲೆಂಡಿನ ರಗ್ಬಿ ಒಕ್ಕೂಟ ಸ್ಥಾಪಿತವಾದ ಮರುವರ್ಷವೇ ಕಲ್ಕತ್ತೆಯಲ್ಲಿ ಈ ಆಟ ನಡೆದಿದ್ದಿತು. ಅಲ್ಲಿನ ಕ್ಲಬ್ಬು ಮುಚ್ಚಿದಾಗ ಅದರ ಬೆಳ್ಳಿಯ ರೂಪಾಯಿಗಳನ್ನು ಕರಗಿಸಿ ಮಾಡಿದ ಬಟ್ಟಲಿಗಾಗಿ ಇಂಗ್ಲೆಂಡ್ ಸ್ಕಾಟ್ಲೆಂಡುಗಳು ಇಂದಿಗೂ ಸೆಣಸುತ್ತಿವೆ. ಈ ಆಟದಲ್ಲಿ ಕೈಯಿಂದ ಚೆಂಡನ್ನು ಮುಂದಕ್ಕೆ ಎಸೆಯುವಂತಿಲ್ಲ. ಆದುದರಿಂದ ಸಂಗಡಿಗನು ಚೆಂಡಿನ ಹಿಂದೆ ಇರತಕ್ಕದ್ದು. ಆದರೆ ಅವನು ಚೆಂಡನ್ನು ಪಡೆಯುವವನಂತೆ ನುಗ್ಗಿ, ಚೆಂಡು ಅವನ ಬೆನ್ನ ಹಿಂದಿನಿಂದ ಮತ್ತೊಬ್ಬನಿಗೆ ಹೋಯಿತೆನ್ನಿ. ಕ್ಷಣದ ಹಿಂದೆ ನಿರ್ದೋಷಿಯಾಗಿದ್ದವನು ಈಗ ಚೆಂಡಿನ ಮುಂದಿದ್ದಾನೆ, ರಕ್ಷಕನ ದಾರಿಯಲ್ಲಿದ್ದಾನೆ. ಚೆಂಡು ಹಿಡಿದವನನ್ನು ತಡೆಯುವ ಎದುರಾಳಿಯ ಪ್ರಯತ್ನಕ್ಕೆ ಉದ್ದೇಶಪೂರ್ವಕವಾಗಿ ಅಡ್ಡಿಮಾಡಬಾರದೆಂಬುದು ನಿಯಮ. ತೀರ್ಪುಗಾರರ ಚರ್ಚೆಯೆಲ್ಲ ಆ ‘ಉದ್ದೇಶ’ವನ್ನು ಸುತ್ತಿಕೊಂಡಿದೆ. ರಕ್ಷಕನು ತಾನೇ ಮೋಸಹೋಗಿ ತಪ್ಪು ಮನುಷ್ಯನ ಮೇಲೆ ಬಿದ್ದರೆ ಓಟಗಾರನನ್ನು ದಂಡಿಸುವುದು ತರವಲ್ಲವೆಂದು ಒಂದು ಪಕ್ಷ. ಮೋಸಹೋಗಲಿ ಬಿಡಲಿ, ಚೆಂಡಿನವನನ್ನು ಮುಟ್ಟುವ ಅವಕಾಶ ಅವನಿಗೆ ತಪ್ಪಿತೇ ಎಂಬುದಷ್ಟೇ ಮುಖ್ಯವೆಂದು ಮತ್ತೊಂದು ಪಕ್ಷ. ಮೊದಲನೆಯದು ಮನಸ್ಸನ್ನು ಹುಡುಕುತ್ತದೆ, ಎರಡನೆಯದು ಫಲವನ್ನು ನೋಡುತ್ತದೆ.

ಕನ್ನಡನಾಡಿಗೆ ಇದು ದೂರದ ಮಾತೆಂದು ಭಾವಿಸಬೇಕಾಗಿಲ್ಲ. ಹಾಕಿಯಲ್ಲಿ ಇದೇ ವಿವಾದ ಬೇರೊಂದು ವೇಷದಲ್ಲಿದೆ, ಹಾಕಿಯೆಂದರೆ ಕೊಡಗು. 1972ರ ಮ್ಯೂನಿಕ್ ಒಲಿಂಪಿಕ್ಸಿನಲ್ಲಿ ಕಂಚು ಗೆದ್ದ ತಂಡದ ಎಂ. ಪಿ. ಗಣೇಶ್, 1980ರಲ್ಲಿ ಮಾಸ್ಕೋದಲ್ಲಿ ಚಿನ್ನ ಗೆದ್ದ ತಂಡದ ಎಂ. ಎಂ. ಸೋಮಯ್ಯ ಮುಂತಾದವರು ಆ ನೆಲದವರು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಹಾಕಿ ಉತ್ಸವದಲ್ಲಿ ಮೊದಲ ವರ್ಷ 60 ಮನೆತನಗಳು ಆಡಿದ್ದರೆ, 2024ರಲ್ಲಿ ನಾಪೋಕ್ಲುವಿನಲ್ಲಿ 360 ಮನೆತನಗಳು ಆಡಿದವು. ಒಂದೇ ಒಕ್ಕದ ಹೆಂಗಸರೂ ಗಂಡಸರೂ, ಹಿರಿಯರೂ ಕಿರಿಯರೂ ಜತೆಯಾಗಿ ಕಣಕ್ಕಿಳಿಯುವ ಇಂಥ ಆಟದಲ್ಲಿ ಯಾರು ಯಾರ ದಾರಿಗೆ ಅಡ್ಡ ಬಂದರೆಂಬುದು ಕೇವಲ ತಾಂತ್ರಿಕ ಪ್ರಶ್ನೆಯಲ್ಲ.

ಹಾಕಿಯ ಇತಿಹಾಸದಲ್ಲಿ ಗಮನಾರ್ಹವಾದ ತಿರುವೊಂದಿದೆ. ಹಿಂದೆ ಈ ಆಟಕ್ಕೂ ಆಫ್‌ಸೈಡ್ ನಿಯಮವಿದ್ದಿತು. 1996ರಲ್ಲಿ ಅದನ್ನು ಪ್ರಾಯೋಗಿಕವಾಗಿ ಕೈಬಿಟ್ಟು, 1998ರಲ್ಲಿ ಶಾಶ್ವತವಾಗಿ ತೆಗೆದುಹಾಕಲಾಯಿತು. ಆಟ ವೇಗವನ್ನು ಪಡೆಯಿತು, ನಿಜ. ಆದರೆ ಅಲ್ಲಿಯವರೆಗೆ ಗೋಲಿನ ಬಳಿ ಮುಂದೆ ನುಗ್ಗಿದವನನ್ನು ಅವನು ನಿಂತ ಸ್ಥಾನದಿಂದಲೇ ಹಿಡಿಯಬಹುದಾಗಿದ್ದಿತು. ಆಮೇಲೆ ಅವನ ಓಟದ ರೇಖೆಯನ್ನೇ ಅಳೆಯಬೇಕಾಯಿತು. ಸ್ಥಾನದ ಪ್ರಶ್ನೆ ಚಲನೆಯ ಪ್ರಶ್ನೆಯಾಗಿ ಮಾರ್ಪಟ್ಟಿತೆಂದು ನನ್ನ ಅಭಿಪ್ರಾಯ. ಎದುರಾಳಿಯು ನ್ಯಾಯವಾಗಿ ಚೆಂಡನ್ನು ಆಡದಂತೆ ಅವನ ಮುಂದೆ ಓಡಿ ತಡೆಯುವುದನ್ನು ಇಂದಿನ ನಿಯಮಾವಳಿ ‘ಮೂರನೆಯವನ ಅಡ್ಡಿ’ ಅಥವಾ ‘ನೆರಳಿನ ಅಡ್ಡಿ’ ಎಂದು ಕರೆಯುತ್ತದೆ; ಪೆನಾಲ್ಟಿ ಕಾರ್ನರಿನಲ್ಲಿ ರಕ್ಷಕರಿಗೆ ಅಡ್ಡವಾಗಿ ಓಡುವ ಆಕ್ರಮಣಕಾರರಿಗೂ ಇದು ಅನ್ವಯಿಸುವುದೆಂದು ಬಿಡಿಸಿ ಹೇಳುತ್ತದೆ. ಅಷ್ಟು ಬಿಡಿಸಿ ಹೇಳಬೇಕಾದುದೇ ಒಂದು ಸಾಕ್ಷ್ಯ. ಕೊಡಗಿನ ವಿ. ಆರ್. ರಘುನಾಥರಂಥವರು ಪ್ರವೀಣರಾಗಿದ್ದ ಡ್ರ್ಯಾಗ್ ಫ್ಲಿಕ್ಕನ್ನು ತಡೆಯಲು ಗೋಲುಗೆರೆಯಿಂದ ಧಾವಿಸುವ ರಕ್ಷಕನಿಗೆ ಅರ್ಧ ಹೆಜ್ಜೆಯ ಅಡ್ಡಿಯಾದರೂ ಸಾಕು, ಗೋಲು ಆಗಿಹೋಗಿರುತ್ತದೆ.

ಈಗ ನಮ್ಮದೇ ಆಟವೊಂದನ್ನು ನೋಡೋಣ. ಶಿವಮೊಗ್ಗ ಭದ್ರಾವತಿಗಳ ಶಾಲೆಯ ಬಯಲುಗಳಿಗೆ ಪರಿಚಿತವಾದ ಖೊಖೊ ಆಟಕ್ಕೆ 1914ರಲ್ಲಿ ಪುಣೆಯ ಡೆಕ್ಕನ್ ಜಿಮ್‌ಖಾನಾ ನಿಯಮಗಳ ಕಟ್ಟನ್ನು ಒದಗಿಸಿತು. ಅಲ್ಲಿ ಸಾಲಿನಲ್ಲಿ ಕುಳಿತ ಬೆನ್ನಟ್ಟುವವರು ಓಡುವವನಿಗೆ ಅಡ್ಡಿಯಾಗದಂತೆ ಕುಳಿತಿರತಕ್ಕದ್ದು; ಅಂಥ ಅಡ್ಡಿಯಿಂದ ಅವನು ಔಟಾದರೆ, ಆ ಔಟು ಸಲ್ಲದು. ಕುಳಿತವನ ಮನಸ್ಸಿನಲ್ಲಿ ಏನಿದ್ದಿತೆಂದು ಈ ನಿಯಮ ಕೇಳುವುದಿಲ್ಲ. ನಷ್ಟವನ್ನು ತುಂಬಿಕೊಟ್ಟು ಮುಂದೆ ಸಾಗುತ್ತದೆ. ಕುಳಿತವನನ್ನೂ ಓಡುವವನನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದೆಂಬ ಆಕ್ಷೇಪ ಯುಕ್ತವೇ. ಆದರೂ ಉದ್ದೇಶದ ಗೊಡವೆಗೆ ಹೋಗದ ಈ ಮಾರ್ಗ ರಗ್ಬಿಯ ಮಾರ್ಗಕ್ಕಿಂತ ಹೆಚ್ಚು ವಿವೇಕಯುಕ್ತವೆಂದು ನನಗೆ ತೋರುತ್ತದೆ.

ಹಾಕಿಯ ಅಂಪೈರರು ಇವೆರಡರ ನಡುವೆ ನಿಂತಿದ್ದಾರೆ. ಎದುರಾಳಿಯು ಚೆಂಡನ್ನು ಆಡಲು ನಿಜವಾಗಿ ಯತ್ನಿಸುತ್ತಿದ್ದನೇ ಎಂಬುದನ್ನು ಅವರು ಮೊದಲು ನೋಡಬೇಕು. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಕಾರ್ಯನಿರ್ವಹಿಸಿದ ಬೆಂಗಳೂರಿನ ರಘು ಪ್ರಸಾದರಂಥವರಿಗೂ ಚೆಂಡು, ಓಟಗಾರ, ರಕ್ಷಕ ಮೂವರನ್ನೂ ಒಂದೇ ನೋಟದಲ್ಲಿ ಹಿಡಿಯುವ ಹೊರೆ ತಪ್ಪಿದ್ದಲ್ಲ. ಅಂತರರಾಷ್ಟ್ರೀಯ ಪಂದ್ಯಗಳಿಗೆ ವಿಡಿಯೋ ಪರಿಶೀಲನೆ ಬಂದ ಮೇಲೆ ಓಟದ ರೇಖೆಯನ್ನು ನಿಧಾನಗೊಳಿಸಿ ನೋಡಬಹುದಾಗಿದೆ. ಅಡ್ಡಿಯಿಲ್ಲದಿದ್ದರೆ ರಕ್ಷಕನು ಚೆಂಡನ್ನು ತಲುಪುತ್ತಿದ್ದನೇ ಎಂಬುದನ್ನು ಮಾತ್ರ ಈಗಲೂ ಅಂಪೈರರೇ ಊಹಿಸಬೇಕು.