ಓಬವ್ವನಿಗೆ ಯಾರ ಮುಖ? ಗೇಮ್‌ಗಳ ರೆಡಿಮೇಡ್ ಮನುಷ್ಯರ ಬಗ್ಗೆ ತಿಳಿಯಬೇಕಾದ್ದು

ಚಿತ್ರದುರ್ಗದ ಇಬ್ಬರು ಹುಡುಗರು ಒನಕೆ ಓಬವ್ವನ ಮೇಲೆ ಗೇಮ್ ಮಾಡೋಕೆ ಕೂತರು ಅಂದುಕೊಳ್ಳಿ. ಹತ್ತು ವರ್ಷದ ಹಿಂದಾಗಿದ್ದರೆ ಆಕೆಯ ಮುಖ ಮಾಡುವಷ್ಟರಲ್ಲೇ ಸುಸ್ತಾಗುತ್ತಿದ್ದರು. ಮಾಡೆಲಿಂಗ್, ಚರ್ಮ, ಕೂದಲು, ಹುಬ್ಬು-ತುಟಿ ಆಡಿಸುವ ರಿಗ್ಗಿಂಗ್... ಅನುಭವಿ ಕಲಾವಿದರಿಗೂ ಇದು ವಾರಗಳ, ಕೆಲವೊಮ್ಮೆ ತಿಂಗಳುಗಳ ಕೆಲಸ. ಈಗ ಒಂದು ಮಧ್ಯಾಹ್ನ ಸಾಕು.

ಇದಕ್ಕೆ ಮುಖ್ಯ ಕಾರಣ ಎಪಿಕ್ ಗೇಮ್ಸ್ 2021ರ ಫೆಬ್ರವರಿಯಲ್ಲಿ ಪರಿಚಯಿಸಿದ ಮೆಟಾಹ್ಯೂಮನ್. ನಿಜವಾದ ಮನುಷ್ಯರನ್ನು ಸ್ಕ್ಯಾನ್ ಮಾಡಿ ಕೂಡಿಟ್ಟ ಸಂಗ್ರಹವೇ ಇದರ ಬಂಡವಾಳ. ನೀವು ಸ್ಲೈಡರ್ ಎಳೆದಂತೆ ಆ ಮುಖಗಳು ಬೆರೆತು ಹೊಸ ಮುಖವೊಂದು ಹುಟ್ಟುತ್ತೆ, ಆಡಿಸೋಕೆ ಬೇಕಾದ ರಿಗ್ ಸಮೇತ. 2023ರಿಂದ ಐಫೋನ್ ಮುಂದೆ ನಟಿಸಿದರೆ ಆ ಅಭಿನಯವೂ ಪಾತ್ರಕ್ಕೆ ಇಳಿಯುತ್ತೆ. ಮೊದಲು ಅನ್‌ರಿಯಲ್ ಎಂಜಿನ್‌ನಲ್ಲಿ ಮಾತ್ರ ಬಳಸಬೇಕಿತ್ತು. 2025ರ ಜೂನ್‌ನಲ್ಲಿ ಆ ಷರತ್ತು ಹೋಯಿತು. ಯೂನಿಟಿ, ಗೋಡೋದಲ್ಲೂ ಬಳಸಬಹುದು. ವರ್ಷದ ಆದಾಯ 10 ಲಕ್ಷ ಡಾಲರ್‌ಗಿಂತ ಕಡಿಮೆ ಇದ್ದರೆ ದುಡ್ಡೂ ಕೊಡಬೇಕಿಲ್ಲ.

ಸಣ್ಣ ತಂಡಗಳಿಗೆ ಇದು ದೊಡ್ಡ ವರ, ಅನುಮಾನವೇ ಇಲ್ಲ. ಆದರೆ ಸ್ಲೈಡರ್ ಓಡಾಡೋದು ಸಂಗ್ರಹದಲ್ಲಿರುವ ಮುಖಗಳ ನಡುವೆ ಮಾತ್ರ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸಂತೆಯಲ್ಲಿ ನೋಡುವ ಮುಖಗಳನ್ನು ಹೋಲುವವರು ಅದರಲ್ಲಿಲ್ಲದಿದ್ದರೆ, ಎಷ್ಟು ಎಳೆದರೂ ಬರೋದು ಬಿಸಿಲಿಗೆ ಕಂದಿದ ಬೇರೆ ಯಾರೋ. ಬಟ್ಟೆಯದೂ ಅದೇ ಕತೆ. ಟಿ-ಶರ್ಟ್, ಹುಡಿ, ಪ್ಯಾಂಟು ಮೊದಲಿಂದಲೇ ಇದ್ದವು. ಸೆರಗು ಸಿಕ್ಕಿಸಿಕೊಂಡು ಒನಕೆ ಎತ್ತುವ ಹೆಂಗಸಿನ ಸೀರೆ, ಆ ತೋಳಿನ ಬೀಸು ಬೇಕಾದರೆ ನೀವೇ ಮಾಡಬೇಕು. ತಿಂಗಳುಗಳು ಹಿಡಿಯೋದು ಈಗ ಅಲ್ಲೇ. ಅಂದಹಾಗೆ, ನಮ್ಮಲ್ಲಿ ಬಹುಪಾಲು ಜನ ಗೇಮ್ ಆಡೋದು ಅಗ್ಗದ ಫೋನ್‌ನಲ್ಲಿ. ಅಲ್ಲಿ ಚರ್ಮದ ರಂಧ್ರ ಯಾರಿಗೆ ಕಾಣುತ್ತೆ?

ಇನ್ನು ಓಬವ್ವನ ಮುಖ ಎಂಥದ್ದು? ಆಕೆಯನ್ನು ನೋಡಿ ಬಿಡಿಸಿದ ಚಿತ್ರ ಒಂದೂ ಉಳಿದಿಲ್ಲ. ನಮ್ಮ ಕಣ್ಣಲ್ಲಿ ಕೂತಿರೋದು 1972ರ 'ನಾಗರಹಾವು' ಚಿತ್ರದ ಜಯಂತಿ. ಆದರೆ ಓಬವ್ವ ಛಲವಾದಿ ಸಮುದಾಯದ, ಕೋಟೆ ಕಾವಲುಗಾರನ ಹೆಂಡತಿ. ಗೇಮ್‌ನಲ್ಲಿ ಆಕೆಗೆ ಸಿನಿಮಾ ತಾರೆಯ ಬಣ್ಣ, ಮೂಗು ಕೊಡೋದು ಬರೀ ಡಿಸೈನ್ ವಿಚಾರ ಅಂತ ನನಗನ್ನಿಸಲ್ಲ. ಎಲ್ಲರೂ ಡೀಫಾಲ್ಟ್ ಮುಖವನ್ನೇ ಒತ್ತಿದರೆ ಮುಂದಿನ ತಲೆಮಾರಿಗೆ ಅದೇ ಇತಿಹಾಸ.

ಹಾಗಂತ ಜಯಂತಿಯವರ ಮುಖವನ್ನೇ ಎತ್ತಿ ಹಾಕಬಹುದೇ? 2009ರಲ್ಲಿ ತೀರಿಕೊಂಡ ವಿಷ್ಣುವರ್ಧನ್ ಅವರನ್ನು 2016ರ ಇನ್ನೊಂದು 'ನಾಗರಹಾವು'ನಲ್ಲಿ ಗ್ರಾಫಿಕ್ಸ್ ಮೂಲಕ ಮತ್ತೆ ತೆರೆಗೆ ತಂದರು. ಆಗ ಅದಕ್ಕೆ ದೊಡ್ಡ ವಿಎಫ್‌ಎಕ್ಸ್ ತಂಡವೇ ಬೇಕಿತ್ತು. ಆ ಖರ್ಚೇ ಒಂದು ಬೇಲಿಯಾಗಿತ್ತು. ಈಗ ಬೇಲಿ ಇಲ್ಲ, ಕಾನೂನು ಇನ್ನೂ ತಡವರಿಸುತ್ತಿದೆ. 2023ರಲ್ಲಿ ದೆಹಲಿ ಹೈಕೋರ್ಟ್ ಬದುಕಿರುವ ಅನಿಲ್ ಕಪೂರ್ ಅವರ ಮುಖ, ದನಿಗೆ ರಕ್ಷಣೆ ಕೊಟ್ಟಿತು. ಅದೇ ವರ್ಷ ಸುಶಾಂತ್ ಸಿಂಗ್ ರಜಪೂತ್ ತಂದೆಯ ಅರ್ಜಿಯಲ್ಲಿ, ಇಂಥ ಹಕ್ಕು ವ್ಯಕ್ತಿಯ ಜೊತೆಗೇ ಮುಗಿಯುತ್ತೆ ಎಂದಿತು. ಅಮೆರಿಕದ ಗೇಮ್ ಕಲಾವಿದರು ತಮ್ಮ ಡಿಜಿಟಲ್ ನಕಲಿನ ಮೇಲೆ ಹಿಡಿತ ಬೇಕು ಅಂತ 2024ರ ಜುಲೈನಿಂದ ಸುಮಾರು ಒಂದು ವರ್ಷ ಮುಷ್ಕರ ಮಾಡಬೇಕಾಯಿತು. ನಮ್ಮಲ್ಲಿ ಅಂಥ ಗಟ್ಟಿ ಸಂಘಟನೆ ಎಲ್ಲಿದೆ?

ಕರ್ನಾಟಕದ ಹತ್ತಿರ 2024ರಿಂದ 2029ರವರೆಗಿನ ಎವಿಜಿಸಿ-ಎಕ್ಸ್‌ಆರ್ ನೀತಿ ಇದೆ: ಅನಿಮೇಷನ್, ಗ್ರಾಫಿಕ್ಸ್, ಗೇಮಿಂಗ್ ಎಲ್ಲ ಅದರಡಿ. ಅದರ ದುಡ್ಡಲ್ಲಿ ಜಿಲ್ಲೆಗೊಂದು ಸ್ಕ್ಯಾನಿಂಗ್ ಘಟಕ ಮಾಡಿ, ನಮ್ಮ ಜನರ ಮುಖ, ಉಡುಗೆ, ನಡಿಗೆಯ ಸಂಗ್ರಹ ಕಟ್ಟಬಹುದು. ಸ್ಕ್ಯಾನ್‌ಗೆ ಕೂತವರಿಗೆ ಕೂಲಿ ಕೊಡಬೇಕು, ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು, ಬೇಡ ಅನ್ನಿಸಿದ ದಿನ ತಮ್ಮ ಮುಖ ವಾಪಸ್ ಪಡೆಯುವ ಹಕ್ಕನ್ನೂ ಅದರಲ್ಲೇ ಬರೆಯಬೇಕು.