ಕೂದಲಿಗೆ ಕಾವು: ಅಗ್ಗಿಷ್ಟಿಕೆಯಿಂದ ಬಿಸಿಗಾಳಿ ಬ್ರಶ್‌ವರೆಗೆ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡೆಯ ಮನೆಗಳಲ್ಲಿ ಬಾಣಂತಿಗೆ ತಲೆ ಎರೆದ ಮೇಲೆ ಕೂದಲನ್ನು ಹೇಗೆ ಒಣಗಿಸುತ್ತಿದ್ದರು? ನೀವು ನೋಡಿರದಿದ್ದರೆ ಮನೆಯ ಹಿರಿಯರನ್ನು ಕೇಳಿ. ಅಗ್ಗಿಷ್ಟಿಕೆಯಲ್ಲಿ ಕೆಂಡ, ಅದರ ಮೇಲೆ ಚಿಟಿಕೆ ಲೋಬಾನ, ಮೇಲೊಂದು ಬೋರಲು ಹಾಕಿದ ಬಿದಿರಿನ ಬುಟ್ಟಿ. ಒದ್ದೆಗೂದಲನ್ನು ಬುಟ್ಟಿಯ ಮೇಲೆ ಹರಡಿ ಬೆರಳಿನಿಂದ ಸಿಕ್ಕು ಬಿಡಿಸುತ್ತಿದ್ದರು. ಅದಕ್ಕೂ ಮೊದಲು ಅಜ್ಜಿ ಬುಟ್ಟಿಯ ಮೇಲೆ ತನ್ನ ಅಂಗೈ ಹಿಡಿಯುತ್ತಿದ್ದಳು. ಕೈಗೆ ಚುರುಕ್ಕೆಂದರೆ ಕೆಂಡಕ್ಕೆ ಬೂದಿ ಮುಚ್ಚುತ್ತಿದ್ದಳು.

ಇಲ್ಲಿ ಮೂರು ಸಂಗತಿಗಳಿವೆ: ಮೇಲೇಳುವ ಬಿಸಿಗಾಳಿ, ಕೂದಲು ಬಿಡಿಸುವ ಬೆರಳು, ಕಾವನ್ನು ಅಳೆಯುವ ಅಂಗೈ. ಈಗ ಮಾರುಕಟ್ಟೆಯಲ್ಲಿ ಸಿಗುವ ಬಿಸಿಗಾಳಿ ಬ್ರಶ್‌ನಲ್ಲಿ ಮೊದಲಿನ ಎರಡು ಇದ್ದೇ ಇರುತ್ತವೆ. ಮೂರನೆಯದು ಎಲ್ಲದರಲ್ಲೂ ಇರುವುದಿಲ್ಲ.

ಕಾವಿಗೆ ಕೂದಲು ಹೊಸ ಆಕಾರ ತಾಳುವುದು ಹೇಗೆ? ಬೆಟಗೇರಿಯ ಕೈಮಗ್ಗದ ಹತ್ತಿ ಸೀರೆಗೆ ಇಸ್ತ್ರಿ ಮಾಡುವುದನ್ನು ನೆನಪಿಸಿಕೊಳ್ಳಿ. ಒಣ ಸೀರೆಯ ಸುಕ್ಕು ಬರಿಯ ಕಾವಿಗೆ ಸುಲಭವಾಗಿ ಬಗ್ಗದು, ನೀರು ಚಿಮುಕಿಸಬೇಕು. ಹತ್ತಿಯ ಸೆಲ್ಯುಲೋಸ್ ಅಣುಗಳನ್ನು ಹೈಡ್ರೊಜನ್ ಬಂಧಗಳು ಹಿಡಿದಿಟ್ಟಿರುತ್ತವೆ. ನೀರಿನ ಅಣುಗಳು ನಡುವೆ ನುಗ್ಗಿ ಈ ಬಂಧಗಳನ್ನು ಸಡಿಲಿಸುತ್ತವೆ. ಕಾವು ಆ ನೀರನ್ನು ಓಡಿಸಿದಾಗ ಹೊಸ ಜಾಗಗಳಲ್ಲಿ ಹೊಸ ಬಂಧಗಳು ಕೂಡಿಕೊಳ್ಳುತ್ತವೆ. ಕೂದಲಿನಲ್ಲಿ ನಡೆಯುವುದೂ ಇದೇ; ವಸ್ತು ಮಾತ್ರ ಬೇರೆ. ಅದು ಕೆರಟಿನ್ ಎಂಬ ಪ್ರೋಟೀನು. ಕುರಿಗಾಹಿಯ ಹೆಗಲ ಮೇಲಿನ ಕಂಬಳಿಯ ಉಣ್ಣೆಯೂ ಅದೇ.

ಕೂದಲಿನ ಗುಟ್ಟು ತಿಳಿದದ್ದು ಈ ಉಣ್ಣೆಯ ನೆಂಟಸ್ತನದಿಂದಲೇ. ಉಣ್ಣೆ ಉದ್ಯಮಕ್ಕೆ ಹೆಸರಾದ ಇಂಗ್ಲೆಂಡಿನ ಲೀಡ್ಸ್‌ನಲ್ಲಿ ವಿಲಿಯಂ ಆಸ್ಟ್‌ಬರಿ 1930ರ ದಶಕದ ಆರಂಭದಲ್ಲಿ ಉಣ್ಣೆ ಮತ್ತು ಕೂದಲಿನ ಕ್ಷ-ಕಿರಣ ಚಿತ್ರಗಳನ್ನು ತೆಗೆದರು. ಒದ್ದೆ ಕೂದಲನ್ನು ಎಳೆದು ಹಿಡಿದರೆ ಚಿತ್ರ ಬದಲಾಗುತ್ತಿತ್ತು. ಎಳೆಯದ ರೂಪವನ್ನು ಆಲ್ಫಾ ಎಂದೂ ಎಳೆದ ರೂಪವನ್ನು ಬೀಟಾ ಎಂದೂ ಕರೆದರು. ಆಲ್ಫಾ ಎಂಬುದು ಪ್ರೋಟೀನಿನ ಸುರುಳಿ ಎಂದು 1951ರಲ್ಲಿ ಲೈನಸ್ ಪಾಲಿಂಗ್ ಮತ್ತು ಸಂಗಡಿಗರು ತೋರಿಸಿದರು. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಜಿ. ಎನ್. ರಾಮಚಂದ್ರನ್ ಅವರು 1963ರಲ್ಲಿ ಸಂಗಡಿಗರೊಂದಿಗೆ ಪ್ರಕಟಿಸಿದ ಪ್ರಸಿದ್ಧ ನಕ್ಷೆಯಲ್ಲಿ ಈ ಸುರುಳಿಗೂ ಒಂದು ಜಾಗವಿದೆ.

ವಿಜ್ಞಾನ ಇಷ್ಟು ಹೇಳುವ ಮೊದಲೇ ಕೇಶಾಲಂಕಾರದವರು ಕಾವನ್ನು ಬಳಸತೊಡಗಿದ್ದರು. ಪ್ಯಾರಿಸ್‌ನ ಮಾರ್ಸೆಲ್ ಗ್ರಾಟೊ 1870ರ ದಶಕದಲ್ಲಿ ಉರಿಯ ಮೇಲೆ ಕಾಯಿಸಿದ ಕಬ್ಬಿಣದ ಇಕ್ಕುಳದಿಂದ ಕೂದಲಿಗೆ ಅಲೆ ಮೂಡಿಸಿದರು. ಇಕ್ಕುಳದ ಕಾವನ್ನು ನೋಡುತ್ತಿದ್ದದ್ದು ಕಾಗದದ ಮೇಲೆ. ಕಾಗದ ಕಂದಿದರೆ ತಣಿಯಲು ಬಿಡಬೇಕು! ಕಾರ್ಲ್ ನೆಸ್ಲರ್ ಎಂಬಾತ ಲಂಡನ್ನಿನಲ್ಲಿ 1906ರಲ್ಲಿ ಶಾಶ್ವತ ಅಲೆಯ ವಿಧಾನವನ್ನು ಪ್ರದರ್ಶಿಸಿದ. ಅದಕ್ಕೂ ಮೊದಲಿನ ಪ್ರಯೋಗಗಳಲ್ಲಿ ಸುಟ್ಟುಹೋದದ್ದು ಅವನ ಹೆಂಡತಿಯ ಕೂದಲು. ಈ ಚರಿತ್ರೆಯಲ್ಲಿ ಆಕೆಯ ಹೆಸರನ್ನು ನೆನೆಯುವವರು ಕಡಿಮೆ. ಆಕೆ ಕ್ಯಾಥರಿನಾ ಲೈಬ್ಲೆ.

ಗಾಳಿಯ ಕಥೆ ಬೇರೆ. ಫ್ರಾನ್ಸಿನ ಅಲೆಕ್ಸಾಂಡರ್ ಗೊಡ್‌ಫ್ರುವಾ 1890ರ ಸುಮಾರಿಗೆ ಒಲೆಯ ಕೊಳವೆಗೆ ಟೋಪಿಯಂಥ ಮುಚ್ಚಳ ಜೋಡಿಸಿ ಕೂದಲು ಒಣಗಿಸುವ ಯಂತ್ರ ಮಾಡಿದರು. ಅಮೆರಿಕದ ಆಲ್ಬರ್ಟ್ ಮಾರ್ಶ್ 1905ರ ಹೊತ್ತಿಗೆ ನಿಕ್ರೋಮ್ ಮಿಶ್ರಲೋಹವನ್ನು ಕಂಡುಹಿಡಿದ ಮೇಲೆ, ಕೆಂಪಗೆ ಕಾದರೂ ಬೇಗ ಸುಟ್ಟುಹೋಗದ ತಂತಿ ದೊರೆಯಿತು. 1920ರ ದಶಕದಲ್ಲಿ ಕೈಯಲ್ಲಿ ಹಿಡಿಯುವ ವಿದ್ಯುತ್ ಡ್ರೈಯರುಗಳು ಬಂದವು. ಅವುಗಳ ಸಾಮರ್ಥ್ಯ ಸುಮಾರು 100 ವಾಟ್ ಮಾತ್ರ.

ಇದು ಎಷ್ಟು ಕಡಿಮೆ ಎಂದು ತರಗತಿಯಲ್ಲೇ ಲೆಕ್ಕ ಹಾಕಬಹುದು. ಉದ್ದಗೂದಲಿನಲ್ಲಿ ಟವೆಲಿನಿಂದ ಒರೆಸಿದ ಮೇಲೂ 50 ಗ್ರಾಂ ನೀರು ಉಳಿದಿದೆ ಎಂದುಕೊಳ್ಳಿ. ಒಂದು ಗ್ರಾಂ ನೀರು ಆವಿಯಾಗಲು ಸುಮಾರು 2260 ಜೂಲ್ ಬೇಕು. ಒಟ್ಟು 1,13,000 ಜೂಲ್. ಒಂದಿಷ್ಟೂ ನಷ್ಟವಾಗದಿದ್ದರೂ 100 ವಾಟಿಗೆ 19 ನಿಮಿಷ ಹಿಡಿಯುತ್ತದೆ. 1000 ವಾಟಿಗೆ ಎರಡು ನಿಮಿಷವೂ ಬೇಡ. ಹೀಗಾಗಿ ವಾಟ್ ಏರುತ್ತ ಹೋಯಿತು. ಡ್ರೈಯರಿನ ಬಾಯಿಗೆ ಬಾಚಣಿಗೆ, ಬ್ರಶ್ ಸಿಕ್ಕಿಸಿದ ಸಾಧನಗಳು 1970ರ ದಶಕದಲ್ಲಿ ಪಶ್ಚಿಮದ ದೇಶಗಳಲ್ಲಿ ಜನಪ್ರಿಯವಾದವು. ಬಿಸಿಗಾಳಿ ಬ್ರಶ್ ಅವುಗಳದೇ ಸಂತತಿ.

ಈ ಜೋಡಣೆಯಲ್ಲಿ ಒಂದು ಮುಖ್ಯ ಸಂಗತಿ ಕಳೆದುಹೋಯಿತು: ದೂರ. 2011ರಲ್ಲಿ ಪ್ರಕಟವಾದ ಕೊರಿಯಾದ ಅಧ್ಯಯನವೊಂದರಲ್ಲಿ ಡ್ರೈಯರನ್ನು 15 ಸೆಂಟಿಮೀಟರ್ ದೂರದಲ್ಲಿ ಹಿಡಿದಾಗ ಕೂದಲಿನ ಬಳಿ ತಾಪ 47 ಡಿಗ್ರಿ ಸೆಲ್ಸಿಯಸ್, 10 ಸೆಂಟಿಮೀಟರಿಗೆ 61, 5 ಸೆಂಟಿಮೀಟರಿಗೆ 95 ಡಿಗ್ರಿ ಇತ್ತು. ಹತ್ತಿರವಾದಷ್ಟೂ ಕೂದಲಿನ ಹೊರಪದರಕ್ಕೆ ಹಾನಿ ಹೆಚ್ಚು. ಕುತೂಹಲದ ಮಾತೆಂದರೆ, ತಾನಾಗಿ ನಿಧಾನವಾಗಿ ಒಣಗಲು ಬಿಟ್ಟ ಕೂದಲಿನಲ್ಲೂ ಒಳಗಿನ ಒಂದು ಪದರಕ್ಕೆ ಹಾನಿ ಕಂಡಿತು. 15 ಸೆಂಟಿಮೀಟರಿನಿಂದ ಡ್ರೈಯರನ್ನು ಆಡಿಸುತ್ತ ಒಣಗಿಸುವುದೇ ಮೇಲು ಎಂದು ಅವರ ತೀರ್ಮಾನ. ಆದರೆ ಬ್ರಶ್‌ನಲ್ಲಿ ಕೂದಲು ಗಾಳಿಯ ರಂಧ್ರಕ್ಕೇ ಅಂಟಿಕೊಂಡಿರುತ್ತದೆ, ದೂರ ಸೊನ್ನೆ. ಒದ್ದೆಗೂದಲಿನ ಒಳಗಿನ ನೀರು ತಟ್ಟನೆ ಆವಿಯಾದರೆ ಎಳೆಯೊಳಗೆ ಗುಳ್ಳೆಗಳೇಳುತ್ತವೆ, ಕೂದಲು ಅಲ್ಲೇ ಮುರಿಯುತ್ತದೆ. 175 ಡಿಗ್ರಿ ಮೀರಿದ ಗಾಳಿಯಿಂದ ಹೀಗಾಗಬಲ್ಲದೆಂದು 1990ರ ದಶಕದಲ್ಲೇ ವರದಿಯಾಗಿದೆ. ಕೂದಲಿನ ಎಳೆ ನಿರ್ಜೀವ, ತಾನಾಗಿ ಮಾಯದು.

ಆದ್ದರಿಂದ ಕೊಳ್ಳುವಾಗ ವಾಟ್ ನೋಡಿ ಮರುಳಾಗಬೇಡಿ. ತಾಪವನ್ನು ಕನಿಷ್ಠ ಎರಡು ಮೂರು ಹಂತಗಳಲ್ಲಿ ಇಳಿಸಬಹುದೇ, ಮಿತಿಮೀರಿದರೆ ತಾನೇ ಆರುವುದೇ, ತಣ್ಣನೆಯ ಗಾಳಿಯ ಗುಂಡಿ ಇದೆಯೇ ಎಂದು ವಿಚಾರಿಸಿ. ಅಗ್ಗದವುಗಳಲ್ಲಿ ದ್ವಿಲೋಹ ಪಟ್ಟಿಯೊಂದು ಬಾಗಿ ವಿದ್ಯುತ್ತನ್ನು ಕಡಿಯುತ್ತದೆ. ಅಜ್ಜಿಯ ಅಂಗೈಗೆ ಅದು ಒರಟು ಬದಲಿ. 2018ರಲ್ಲಿ ಬಂದ ಡೈಸನ್ ಏರ್‌ರ್ಯಾಪ್‌ನಂಥ ದುಬಾರಿ ಸಾಧನದಲ್ಲಿ ಸಂವೇದಕವು ಸೆಕೆಂಡಿಗೆ 40ಕ್ಕೂ ಹೆಚ್ಚು ಬಾರಿ ಗಾಳಿಯ ತಾಪ ಅಳೆದು, 150 ಡಿಗ್ರಿ ದಾಟದಂತೆ ಕಾಯುತ್ತದೆ ಎಂದು ತಯಾರಕರು ಹೇಳುತ್ತಾರೆ. ಗಾಳಿಯಿಲ್ಲದೆ ಬರಿಯ ಕಾದ ಹಲ್ಲುಗಳಿರುವ ಬ್ರಶ್ ಬೇರೆಯೇ ಜಾತಿ. ಅದನ್ನು ಒದ್ದೆಗೂದಲಿಗೆ ತಾಗಿಸಲೇಬಾರದು.

ಅಮೆರಿಕದಲ್ಲಿರುವ ನೆಂಟರು ತಂದ ಬ್ರಶ್ ಆದರೆ ಇನ್ನೊಂದು ಪರೀಕ್ಷೆ. ಅಲ್ಲಿ 120 ವೋಲ್ಟ್, ನಮ್ಮಲ್ಲಿ 230. ಸಾಮರ್ಥ್ಯವು ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿರುವುದರಿಂದ 1000 ವಾಟಿನ ಸುರುಳಿ ಇಲ್ಲಿ 3600 ವಾಟಿಗೂ ಮೀರಿ ಉರಿಯಲೆತ್ನಿಸುತ್ತದೆ. ಪ್ಲಗ್ಗಿನ ಆಕಾರ ಬದಲಿಸುವ ಅಡಾಪ್ಟರು ವೋಲ್ಟೇಜನ್ನು ಬದಲಿಸುವುದಿಲ್ಲ. ಬಚ್ಚಲಲ್ಲಿ, ಒದ್ದೆ ಕೈಯಲ್ಲಿ ಬಳಸಬಾರದೆಂದು ಬೇರೆ ಹೇಳಬೇಕಿಲ್ಲ.

ಬಳಸುವ ಕ್ರಮ ಸರಳ. ಟವೆಲಿನಿಂದ ಒತ್ತಿ ನೀರು ತೆಗೆಯಿರಿ, ಬೆರಳಿನಿಂದ ಸಿಕ್ಕು ಬಿಡಿಸಿ, ಮುಕ್ಕಾಲು ಪಾಲು ತಾನಾಗಿ ಆರಲಿ. ಆಮೇಲೆ ಸಣ್ಣ ಸಣ್ಣ ಎಸಳು ಹಿಡಿದು ಸುತ್ತಿ, ಕಡಿಮೆ ಕಾವಿನಲ್ಲಿ ಒಣಗಿಸಿ, ತಣ್ಣನೆಯ ಗಾಳಿ ಬಿಟ್ಟು, ಆರಿದ ಮೇಲೆ ಬಿಡಿಸಿ. ಬಿಸಿಯಿರುವಾಗಲೇ ಬಿಡಿಸಿದರೆ ಬಂಧಗಳು ನೆಲೆಗೊಳ್ಳುವ ಮೊದಲೇ ಸುರುಳಿ ಜಾರುತ್ತದೆ.

ಏಪ್ರಿಲ್‌ನಲ್ಲಿ ಲಕ್ಷ್ಮೇಶ್ವರದ ಒಣಗಾಳಿಗೆ ಈ ಸುರುಳಿ ಸಂಜೆಯವರೆಗೂ ನಿಂತೀತು; ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಮಧ್ಯಾಹ್ನಕ್ಕೇ ಇಳಿದುಹೋಗುತ್ತದೆ. ಸಲಕರಣೆಯ ತಪ್ಪಲ್ಲ, ಗಾಳಿಯ ತೇವ ಬಂಧಗಳನ್ನು ಮತ್ತೆ ಸಡಿಲಿಸಿರುತ್ತದೆ. ಸ್ವಿಟ್ಜರ್ಲೆಂಡಿನ ಸೊಸ್ಯೂರ್ 1783ರಲ್ಲಿ ಇದೇ ಗುಣ ಬಳಸಿ ಕೂದಲಿನ ಆರ್ದ್ರತಾಮಾಪಕವನ್ನು ವಿವರಿಸಿದರು. ಪೂರ್ತಿ ಒಣಗಾಳಿಯಿಂದ ಪೂರ್ತಿ ತೇವದ ಗಾಳಿಗೆ ಹೋದಾಗ ಕೂದಲು ಸುಮಾರು ಶೇಕಡ 2.5ರಷ್ಟು ಉದ್ದವಾಗುತ್ತದೆ. ಸೋಪಿನಿಂದ ಜಿಡ್ಡು ತೆಗೆದ ಒಂದು ಉದ್ದ ಕೂದಲು, ಒಂದು ಕಡ್ಡಿಮುಳ್ಳು, ಒಂದು ರಟ್ಟು ಸಾಕು. ಈಗಲೇ ಕಟ್ಟಿ, ಮುಳ್ಳು ನಿಂತ ಜಾಗವನ್ನು ದಿನಾಂಕದೊಂದಿಗೆ ಗುರುತಿಸಿಡಿ. ಮೊದಲ ಮಳೆ ಬಿದ್ದ ದಿನ ಮತ್ತೆ ನೋಡಿ.